ಸಮುದ್ರದವರೆಗೆ ಓಡುವ ಮದರ್‌ಬೋರ್ಡ್

ಶನಿವಾರ ಬೆಳಿಗ್ಗೆ ಸೋಯಾ ಹಾಲಿನ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಲಿಯಾವ್ ಮೇಷ್ಟ್ರು ಬಾಯಿ ತಪ್ಪಿ ಒಂದು ಮಾತು ಆಡಿಬಿಟ್ಟರು.

"ಇವತ್ತು ಗ್ವಾಂಗ್‌ಹ್ವಾ ಮಾರ್ಕೆಟ್ಟಿಗೆ ಹೋಗಿ ಹೊಸ ಮದರ್‌ಬೋರ್ಡ್ ತರೋಣ ಅಂತಿದೀನಿ."

ಬೇರೆ ಊರಿನಲ್ಲಾಗಿದ್ದರೆ ಇದು ನಿರಪಾಯದ ಮಾತು. ತೈವಾನಿನ ತಾಯ್‌ಪೇಗೆ ಹೊಳೆಯಾಚೆಯ ಝೋಂಗ್‌ಹೆಯ ನಮ್ಮ ಓಣಿಯಲ್ಲಿ ಅಲ್ಲ. ಈ ಭೂಮಿಯ ಮೇಲಿರುವ ಕಂಪ್ಯೂಟರುಗಳಲ್ಲಿ ಅರ್ಧಕ್ಕರ್ಧ ನಮ್ಮ ಓಣಿಯವರ ಕೈ ದಾಟಿ ಹೋದವು. ಉಳಿದರ್ಧ ಪಕ್ಕದ ಓಣಿಯವರ ಕೈ ದಾಟಿ ಹೋದವು, ಅದಕ್ಕೇ ಅವು ಬೇಗ ಕೆಡುತ್ತವೆ. ನಮ್ಮಲ್ಲಿ ಅರ್ಧ ಜನ ಒಂದು ಮದರ್‌ಬೋರ್ಡ್ ಕಂಪನಿಗೆ ಹೋಗುತ್ತಾರೆ, ಅರ್ಧ ಜನ ಅದರ ವೈರಿ ಕಂಪನಿಗೆ. ಮಗು ಹುಟ್ಟಿದರೆ ಅಪ್ಪನ ಹೋಲಿಕೆಯೋ ಅಮ್ಮನದೋ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಯಾವ ಕಂಪನಿಯ ಕಡೆಯದು ಎಂದು ಕೇಳುತ್ತಾರೆ. ನಾಯಿಗಳು ಕೂಡ ತಮ್ಮ ಕಂಪನಿಯ ನಾಯಿಯನ್ನು ಬಿಟ್ಟು ಬೇರೆಯದನ್ನು ಮೂಸುವುದಿಲ್ಲ.

ಆ ಮಾತು ಮೇಷ್ಟ್ರ ಬಾಯಿಂದ ಬಿದ್ದು ನೆಲ ಮುಟ್ಟುವಷ್ಟರಲ್ಲಿ ಸಾಲಿನ ಮುಂದಿದ್ದ ಫೆಂಗ್ ಹಿಂದಕ್ಕೆ ತಿರುಗಿದ್ದ, ಹಿಂದಿದ್ದ ಚ್ಯೂ ಅಕ್ಕ ಮುಂದಕ್ಕೆ ಬಂದಿದ್ದಳು.

ಫೆಂಗ್ ಮೇಷ್ಟ್ರ ಮೇಲಿನ ಮಾಳಿಗೆಯವನು. ಚ್ಯೂ ಅಕ್ಕ ಕೆಳಗಿನ ಮಾಳಿಗೆಯವಳು. ನಡುವಿನ ಮೇಷ್ಟ್ರ ಬಾಳು ಎರಡು ಹೋಳು ಬ್ರೆಡ್ಡಿನ ನಡುವಿನ ಮೊಟ್ಟೆಯದು. ಫೆಂಗ್ ಒಂದು ಕಂಪನಿಯ ಕಟ್ಟಾಳು, ಚ್ಯೂ ಅಕ್ಕ ಇನ್ನೊಂದರ ರಣಚಂಡಿ. ಹಾಗೆಂದು ಇವರಿಬ್ಬರೂ ಎಂಜಿನಿಯರುಗಳು ಎಂದುಕೊಳ್ಳಬೇಡಿ. ಫೆಂಗ್ ಇದ್ದದ್ದು ಡಬ್ಬಿ ಅಂಟಿಸುವ ವಿಭಾಗದಲ್ಲಿ; ಮದರ್‌ಬೋರ್ಡ್ ಒಳಗೆ ಹೋಗುವುದಕ್ಕೂ ಡಬ್ಬಿಯ ಬಾಯಿ ಮುಚ್ಚುವುದಕ್ಕೂ ನಡುವಿನ ಒಂದು ಕ್ಷಣವಷ್ಟೇ ಅವನು ಅದನ್ನು ಕಣ್ಣಿಂದ ಕಂಡಿದ್ದು. ಚ್ಯೂ ಅಕ್ಕ ತನ್ನ ಕಂಪನಿಯ ಕ್ಯಾಂಟೀನಿನಲ್ಲಿ ನೂಡಲ್ಸ್ ಬಡಿಸುತ್ತಿದ್ದಳು. ಆದರೆ ಅಭಿಮಾನಕ್ಕೆ ವಿಭಾಗ ಎಲ್ಲಿದೆ?

"ಮೇಷ್ಟ್ರೇ, ನಮ್ಮದೇ ತಗೋಬೇಕು," ಎಂದ ಫೆಂಗ್. "ಡಬ್ಬಿ ಒಂದ್ಸಲ ಮುಟ್ಟಿ ನೋಡಿ, ಒಳಗಿರೋದು ಎಂಥದ್ದು ಅಂತ ಬೆರಳಿಗೇ ಗೊತ್ತಾಗುತ್ತೆ."

"ಡಬ್ಬಿನ ಕಂಪ್ಯೂಟರಿಗೆ ಹಾಕ್ತಾರೇನೋ," ಎಂದಳು ಚ್ಯೂ ಅಕ್ಕ. "ನಮ್ಮ ಎಂಜಿನಿಯರುಗಳು ದಿನಾ ನನ್ನ ಕೈಯಲ್ಲಿ ಎರಡೆರಡು ಬಟ್ಟಲು ಉಣ್ಣೋರು. ಹೊಟ್ಟೆ ತುಂಬಿದೋರು ಮಾಡಿದ ಬೋರ್ಡು, ಮೇಷ್ಟ್ರೇ. ಅವರದ್ದು ಹಸಿದೋರು ಮಾಡಿದ್ದು."

ಮೇಷ್ಟ್ರು ಇಬ್ಬರಿಗೂ ಹೂಂ ಎಂದರು. ಅಲ್ಲೇ ಕೆಟ್ಟಿತು.

ಲಿಯಾವ್ ಮೇಷ್ಟ್ರು ಮಾಧ್ಯಮಿಕ ಶಾಲೆಯಲ್ಲಿ ಭೂಗೋಳ ಹೇಳುವವರು. ತೈವಾನಿನ ಯಾವ ಹೊಳೆ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ಆ ಹೊಳೆಗಳಿಗೇ ಮರೆತುಹೋದರೆ ಮೇಷ್ಟ್ರನ್ನು ಕೇಳಬೇಕು. ಆದರೆ ಎಳೆವಯಸ್ಸಿನಲ್ಲಿ ಅವರಿಗಿದ್ದ ಆಸೆ ಒಂದೇ, ರೈಲು ಓಡಿಸುವುದು. ಅದನ್ನು ಕಣ್ಣಿನ ಡಾಕ್ಟರು ಮುರಿದರು. ಮೇಷ್ಟ್ರ ಕನ್ನಡಕದ ಗಾಜು ಎಷ್ಟು ದಪ್ಪವೆಂದರೆ, ಬಿಸಿಲಿನಲ್ಲಿ ಅವರು ಯಾರನ್ನಾದರೂ ತುಸು ಹೊತ್ತು ದಿಟ್ಟಿಸಿದರೆ ಅಂಗಿಯಿಂದ ಹೊಗೆ ಬರುತ್ತಿತ್ತು. ಹೀಗಾಗಿ ಅವರು ಕಂಪ್ಯೂಟರಿನ ಪರದೆಯ ಮೇಲೆ ರೈಲು ಓಡಿಸುವ ಆಟ ಹಿಡಿದಿದ್ದರು. ಆಟವೆಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅದರಲ್ಲಿ ತಾಯ್‌ಪೇಯಿಂದ ಹ್ವಾಲ್ಯೆನ್‌ಗೆ ಹೋಗುವ ಪೂರ್ವ ಕರಾವಳಿಯ ಹಾದಿ ಇತ್ತು, ಒಂದೊಂದು ಸಿಗ್ನಲ್ಲೂ ಇತ್ತು, ಬೆಟ್ಟದ ಸುರಂಗಗಳನ್ನು ದಾಟಿ ಹೊರಬಂದೊಡನೆ ಎಡಗಡೆಗೆ ಇಡೀ ಶಾಂತ ಮಹಾಸಾಗರ ಇತ್ತಂತೆ.

ಅಂತೆ ಎಂದೆ, ಏಕೆಂದರೆ ಮೇಷ್ಟ್ರು ಅದನ್ನು ಕಂಡಿರಲಿಲ್ಲ. ಅವರ ಹಳೆಯ ಕಂಪ್ಯೂಟರಿನಲ್ಲಿ ರೈಲು ತಾಯ್‌ಪೇ ಬಿಟ್ಟು ಪಕ್ಕದ ಸೊಂಗ್‌ಷಾನ್ ತಲುಪುವಷ್ಟರಲ್ಲಿ ಪರದೆ ಕಲ್ಲಾಗುತ್ತಿತ್ತು. ಪ್ರತಿ ಸಂಜೆ ಮೇಷ್ಟ್ರು ತಲೆಗೆ ಟೋಪಿ ಹಾಕಿ, ಜಪಾನಿನಿಂದ ತರಿಸಿದ ರೈಲಿನ ಹಿಡಿಕೆ ಹಿಡಿದು, ಸಾವಿರ ಪ್ರಯಾಣಿಕರನ್ನು ಹೊತ್ತು ಹೊರಟು, ಸೊಂಗ್‌ಷಾನ್‌ನಲ್ಲಿ ನಿಂತುಬಿಡುತ್ತಿದ್ದರು. ಆ ಪ್ರಯಾಣಿಕರಲ್ಲಿ ಎಷ್ಟೋ ಮಂದಿಗೆ ಅಲ್ಲೇ ಗಡ್ಡ ಬಂದಿರಬೇಕು.

ಈ ಸಲ ಹೊಸವರ್ಷದ ಬೋನಸ್ ಬಂದಾಗ ಹೆಂಡತಿ ಸುಯುವೆ ತಾನಾಗಿ ಹೇಳಿದ್ದಳು, ಆ ರೈಲನ್ನ ಒಂದ್ಸಲ ಮುಂದಕ್ಕೆ ತಳ್ಳಿ ಮುಗಿಸಿಬಿಡಿ ಎಂದು. ಪೆಟ್ಟಿಗೆ, ಪರದೆಗೆ ಚಿತ್ರ ಕೊಡುವ ಕಾರ್ಡು, ಫ್ಯಾನು ಎಲ್ಲವನ್ನೂ ಮೇಷ್ಟ್ರು ಆಗಲೇ ಕೂಡಿಹಾಕಿದ್ದರು. ಮಿಕ್ಕಿದ್ದು ಎರಡೇ, ಲೆಕ್ಕ ಹಾಕುವ ಮಿದುಳಾದ ಪ್ರೊಸೆಸರ್ ಮತ್ತು ಆ ಮಿದುಳನ್ನು ಕೂರಿಸುವ ಮದರ್‌ಬೋರ್ಡ್. ಇವತ್ತು ಅವೆರಡನ್ನೂ ತರುವುದು, ಸಂಜೆಯೊಳಗೆ ಸಮುದ್ರ ನೋಡುವುದು, ಆಮೇಲೆ ಊಟ. ಖುಷಿಗೆ ಮೇಷ್ಟ್ರು ರಾತ್ರಿಯೆಲ್ಲ ನಿದ್ದೆಯಲ್ಲಿ ಸೀಟಿ ಊದಿದ್ದರು.

"ಯಾವುದಾದ್ರೂ ತನ್ನಿ," ಎಂದಿದ್ದಳು ಸುಯುವೆ. "ಆದ್ರೆ ಫೆಂಗಣ್ಣನಿಗೂ ಬೇಜಾರಾಗಬಾರದು, ಚ್ಯೂ ಅಕ್ಕನಿಗೂ ಬೇಜಾರಾಗಬಾರದು. ಅದನ್ನ ಮಾತ್ರ ನೋಡ್ಕೊಳ್ಳಿ."

ಅವಳ ಮಾತಿನಲ್ಲಿ ಅರ್ಥವಿತ್ತು. ಕಸದ ಲಾರಿಯ ಸಂಗೀತ ಮೂರು ಬೀದಿಯಾಚೆ ಇರುವಾಗಲೇ ಫೆಂಗನ ಕಿವಿಗೆ ಬೀಳುತ್ತಿತ್ತು, ಅವನು ಮೇಷ್ಟ್ರ ಮನೆಯ ಚೀಲವನ್ನೂ ಹಿಡಿದು ಓಡುತ್ತಿದ್ದ. ಇವರು ಶಾಲೆಗೆ ಹೋಗಿರುವಾಗ ಬರುವ ಪಾರ್ಸೆಲ್ಲುಗಳನ್ನು ಚ್ಯೂ ಅಕ್ಕ ತೆಗೆದಿಡುತ್ತಿದ್ದಳು. ಒಬ್ಬರು ಮುನಿದರೆ ಮನೆಯಿಂದ ಏನೂ ಹೊರಗೆ ಹೋಗದು, ಇನ್ನೊಬ್ಬರು ಮುನಿದರೆ ಏನೂ ಒಳಗೆ ಬಾರದು.

ಮೇಷ್ಟ್ರು ಖಾಲಿ ಪೆಟ್ಟಿಗೆಯನ್ನು ಕೈಗಾಡಿಗೆ ಕಟ್ಟಿಕೊಂಡು ಮೆಟ್ರೋ ನಿಲ್ದಾಣಕ್ಕೆ ಬಂದರೆ ಇಬ್ಬರೂ ಅಲ್ಲಿ ಮೊದಲೇ ನಿಂತಿದ್ದರು. ಫೆಂಗ್ ಕಂಪನಿಯ ಜಾಕೆಟ್ ಹಾಕಿದ್ದ. ಚ್ಯೂ ಅಕ್ಕ ಕಂಪನಿಯ ಕೊಡೆ ಹಿಡಿದಿದ್ದಳು. ದಾರಿಯುದ್ದಕ್ಕೂ ಒಬ್ಬರು ಮೇಷ್ಟ್ರ ಎಡಕಿವಿಯಲ್ಲಿ, ಒಬ್ಬರು ಬಲಕಿವಿಯಲ್ಲಿ. ಪ್ರೊಸೆಸರುಗಳಲ್ಲಿ ನೀಲಿ ಪಾಳಯ, ಕೆಂಪು ಪಾಳಯ ಎಂದು ಎರಡಿವೆಯಷ್ಟೆ. ನೀಲಿಯವು ಕುದುರೆ, ಕೆಂಪಿನವು ಇಸ್ತ್ರಿಪೆಟ್ಟಿಗೆ ಎಂದು ಫೆಂಗನ ವಾದ. ಕೆಂಪಿನವು ಆನೆ, ನೀಲಿಯವು ಆನೆಯ ಚಿತ್ರ ಎಂದು ಚ್ಯೂ ಅಕ್ಕನ ವಾದ. ನಮ್ಮ ಮೆಟ್ರೋದಲ್ಲಿ ನೀರು ಗುಟುಕರಿಸಿದರೂ ದಂಡ ಬೀಳುತ್ತದೆ, ಜಗಳಕ್ಕೆ ಮಾತ್ರ ದಂಡವಿಲ್ಲ. ಹೊಳೆ ದಾಟುವಷ್ಟರಲ್ಲಿ ಆ ಬೋಗಿಯ ಪ್ರಯಾಣಿಕರೂ ಎರಡು ಪಾಳಯವಾಗಿದ್ದರು. ಇಳಿಯಬೇಕಾದ ನಿಲ್ದಾಣ ಬಿಟ್ಟು ಮುಂದೆ ಹೋದವರು ಎಷ್ಟೋ.

ಗ್ವಾಂಗ್‌ಹ್ವಾ ತಲುಪಿದಾಗ ಮೇಷ್ಟ್ರಿಗೆ ಕಿವಿ ಸತ್ತಿದ್ದವು, ಕಣ್ಣು ಮಾತ್ರ ಹುಟ್ಟಿದ್ದವು. ವೆಂಗ್ ಎಂಬವರ ಅಂಗಡಿಯಲ್ಲಿ ನೆಲದಿಂದ ಮಾಳಿಗೆಯವರೆಗೆ ಮದರ್‌ಬೋರ್ಡುಗಳು. ಕೆಲವಕ್ಕೆ ಕಾಮನಬಿಲ್ಲಿನ ದೀಪ, ಕೆಲವಕ್ಕೆ ಬೆಳ್ಳಿಯ ಕವಚ, ಒಂದೆರಡಕ್ಕೆ ಡ್ರ್ಯಾಗನ್ನಿನ ಮುಖ. ಮೇಷ್ಟ್ರು ಒಂದೊಂದರ ಮುಂದೆಯೂ ಬಾಗಿ ನೋಡಿದರು. ಬೋರ್ಡಿನ ಮೇಲಿನ ಸಣ್ಣ ಸಣ್ಣ ದಾರಿಗಳು ಅವರಿಗೆ ರೈಲು ಹಳಿಗಳಂತೆ ಕಂಡವು, ಕಪ್ಪು ಕಪ್ಪು ತುಣುಕುಗಳು ನಿಲ್ದಾಣಗಳಂತೆ. ಭೂಗೋಳದ ಮೇಷ್ಟ್ರಿಗೆ ಭೂಪಟ ಸಿಕ್ಕಿದಂತಾಯಿತು. ಅವರ ಉಸಿರಿಗೆ ವೆಂಗ್‌ರ ಗಾಜಿನ ಬೀರು ಪೂರ್ತಿ ಮಂಜಾಗಿ, ಅಂಗಡಿಯ ಫ್ಯಾನನ್ನು ಅತ್ತ ತಿರುಗಿಸಬೇಕಾಯಿತು.

ಇತ್ತ ಫೆಂಗ್ ತನ್ನ ಕಂಪನಿಯ ಬೋರ್ಡನ್ನೂ ನೀಲಿ ಪ್ರೊಸೆಸರನ್ನೂ ಮೇಜಿನ ಮೇಲಿಟ್ಟ. ಚ್ಯೂ ಅಕ್ಕ ಅವನ್ನು ಸರಿಸಿ ತನ್ನ ಕಂಪನಿಯ ಬೋರ್ಡನ್ನೂ ಕೆಂಪು ಪ್ರೊಸೆಸರನ್ನೂ ಇಟ್ಟಳು. ಅವನು ಸರಿಸಿದ. ಅವಳು ಸರಿಸಿದಳು. ಹೀಗೇ ನಡೆದು, ಮೇಜಿನ ಆ ಭಾಗದ ಬಣ್ಣ ಎದ್ದುಹೋಗುವಷ್ಟರಲ್ಲಿ ಇಬ್ಬರಿಗೂ ದಣಿವಾಗಿ ಒಂದು ರಾಜಿಗೆ ಬಂದರು. ಎಷ್ಟೆಂದರೂ ನೆರೆಹೊರೆ. ಪ್ರೊಸೆಸರ್ ಫೆಂಗನ ಕಡೆಯದು, ಮದರ್‌ಬೋರ್ಡ್ ಚ್ಯೂ ಅಕ್ಕನ ಕಡೆಯದು, ಮಾನ ಇಬ್ಬರಿಗೂ ಸಮ ಸಮ. ತಮ್ಮ ದೊಡ್ಡ ಮನಸ್ಸಿಗೆ ತಾವೇ ಬೆರಗಾಗಿ ಇಬ್ಬರೂ ಕೈ ಕುಲುಕಿದರು.

ವೆಂಗ್ ಅವರಿಬ್ಬರನ್ನೂ ನೋಡಿದರು, ಮೇಜಿನ ಮೇಲಿದ್ದುದನ್ನೂ ನೋಡಿದರು.

"ಇದು ಅದರಲ್ಲಿ ಕೂರಲ್ಲ," ಎಂದರು. "ನೀಲಿದಕ್ಕೆ ನೀಲಿದರ ಕುಳಿ ಇರೋ ಬೋರ್ಡೇ ಬೇಕು. ಎಮ್ಮೆನ ತಂದು ಸೈಕಲ್ಲಿಗೆ ಮದುವೆ ಮಾಡಿ ಅಂದಂಗಾಯ್ತು."

"ಸ್ವಲ್ಪ ಒತ್ತಿದ್ರೆ ಕೂರುತ್ತೆ ಬಿಡಿ. ನಾವು ಡಬ್ಬಿ ಮುಚ್ಚುವಾಗ ಒತ್ತಲ್ವಾ?" ಎಂದು ಫೆಂಗ್ ಹೆಬ್ಬೆರಳು ಸಿದ್ಧಮಾಡಿದ.

ವೆಂಗ್ ಅವನ ಕೈಯಿಂದ ಆ ಪ್ರೊಸೆಸರನ್ನು, ತೊಟ್ಟಿಲಿಂದ ಬೀಳುವ ಕೂಸನ್ನು ಹಿಡಿದಂತೆ ಹಾರಿ ಹಿಡಿದರು.

ಈ ಗಲಾಟೆಯ ನಡುವೆಯೇ ಲಿಯಾವ್ ಮೇಷ್ಟ್ರು ಬೀರುವಿನ ಕೆಳಗಿನ ಹಲಗೆಯಲ್ಲಿ ಒಂದು ಬೋರ್ಡನ್ನು ಕಂಡದ್ದು. ಅದು ಫೆಂಗನ ಕಂಪನಿಯದಲ್ಲ, ಚ್ಯೂ ಅಕ್ಕನ ಕಂಪನಿಯದೂ ಅಲ್ಲ, ಮೂರನೆಯ ಯಾವುದೋ ಸಣ್ಣ ಕಂಪನಿಯದು. ದೀಪವಿಲ್ಲ, ಡ್ರ್ಯಾಗನ್ ಇಲ್ಲ. ಮೈಮೇಲೆ ಶಾಖ ಹೀರುವ ಲೋಹದ ಗಟ್ಟಿಗಳು ಮಾತ್ರ ಗರಡಿಯಾಳಿನ ತೋಳಿನಂತೆ ಉಬ್ಬಿದ್ದವು. ಅದರ ಪಕ್ಕದಲ್ಲೇ ಕೆಂಪು ಪಾಳಯದ ಒಂದು ಪ್ರೊಸೆಸರ್. ಸಾಮಾನು ಇಟ್ಟುಕೊಳ್ಳಲು ಹೊಟ್ಟೆಯೊಳಗೇ ದೊಡ್ಡ ಉಗ್ರಾಣ ಇರುವಂಥದ್ದು, ರೈಲು ವಿಮಾನ ಓಡಿಸುವವರು ಅದನ್ನೇ ಹುಡುಕಿಕೊಂಡು ಬರುತ್ತಾರೆ ಎಂದು ವೆಂಗ್ ಹೇಳಿದರು. ಮುಂದೆ ಇನ್ನೂ ಹೊಸ ಪ್ರೊಸೆಸರ್ ಬಂದರೂ ಇದೇ ಕುಳಿಯಲ್ಲಿ ಕೂರುತ್ತದೆ ಎಂದರು.

"ಇದು ಹ್ವಾಲ್ಯೆನ್ ತನಕ ಹೋಗುತ್ತಾ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

"ಹ್ವಾಲ್ಯೆನ್ ದಾಟಿ ನೀರಿಗಿಳಿದು ಅಮೆರಿಕ ಮುಟ್ಟುತ್ತೆ, ನೀವು ಬ್ರೇಕ್ ಹಾಕದಿದ್ರೆ."

ಎಲ್ಲಕ್ಕೂ ಹೂಂ ಎನ್ನುತ್ತ ಕೂದಲು ನರೆಸಿಕೊಂಡ ಮೇಷ್ಟ್ರು ಆಗ ಒಂದು ಕೆಲಸ ಮಾಡಿದರು. ಯಾರನ್ನೂ ಕೇಳದೆ ಬಿಲ್ ಮಾಡಿಸಿಬಿಟ್ಟರು.

ವೆಂಗ್ ಅಲ್ಲೇ ಕೂತು ಜೋಡಿಸಿದರು. ಪ್ರೊಸೆಸರ್ ಕುಳಿಯಲ್ಲಿ ಕೂತು ಸಣ್ಣ ಚಿಲಕ ಬಿದ್ದಾಗ ಮೇಷ್ಟ್ರ ಮೈಯಲ್ಲೂ ಏನೋ ಚಿಲಕ ಬಿದ್ದಂತಾಯಿತು. ಗುಂಡಿ ಒತ್ತಿದರು. ಫ್ಯಾನು ತಿರುಗಿತು, ಪರದೆಯಲ್ಲಿ ಬಿಳಿ ಅಕ್ಷರ ಮೂಡಿತು. ಆ ಅಕ್ಷರಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಆದರೂ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಒರೆಸಿ ಓದಿದರು. ಕೊನೆಗೆ ಯಂತ್ರ ತಂಟೆ ಮಾಡದಿರಲಿ ಎಂದು ವೆಂಗ್ ಅದರ ನೆತ್ತಿಗೆ ಹಸಿರು ಪೊಟ್ಟಣದ ಜೋಳದ ತಿಂಡಿಯೊಂದನ್ನು ಕಟ್ಟಿದರು. ಹಳದಿ ಪೊಟ್ಟಣ ಕಟ್ಟಿದರೆ ಯಂತ್ರ ಮೊಂಡು ಹಿಡಿಯುತ್ತದೆಂಬುದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ತಿರುಗಿ ನೋಡಿದರೆ ಫೆಂಗನ ಮುಖ ಒದ್ದೆ ರಟ್ಟಿನಂತಾಗಿತ್ತು. ಚ್ಯೂ ಅಕ್ಕ ಕೊಡೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

ಪ್ರೊಸೆಸರ್ ಕೆಂಪು ಎಂದು ಫೆಂಗನಿಗೆ ಅವಮಾನ. ಬೋರ್ಡು ತನ್ನ ಕಂಪನಿಯದಲ್ಲ ಎಂದು ಚ್ಯೂ ಅಕ್ಕನಿಗೆ ಅವಮಾನ. ಒಬ್ಬರನ್ನೂ ನೋಯಿಸಬಾರದೆಂದು ಹೊರಟವರು ಒಂದೇ ಬಿಲ್ಲಿನಲ್ಲಿ ಇಬ್ಬರನ್ನೂ ನೋಯಿಸಿದ್ದರು. ತನಗೆ ಇತ್ತೀಚೆಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಕಸದ ಲಾರಿ ಬಂದದ್ದೂ ಗೊತ್ತಾಗುವುದಿಲ್ಲ ಎಂದು ಫೆಂಗ್ ಗೋಡೆಗೆ ಹೇಳಿದ. ಇನ್ನು ಮುಂದೆ ಪಾರ್ಸೆಲ್ಲಿನವನು ಬಂದಾಗ ತಾನು ಮಲಗಿರುತ್ತೇನೆ ಎಂದು ಚ್ಯೂ ಅಕ್ಕ ಇನ್ನೊಂದು ಗೋಡೆಗೆ ಹೇಳಿದಳು.

ಮೇಷ್ಟ್ರ ತಲೆಗೆ ಆಗ ಒಂದು ಉಪಾಯ ಹೊಳೆಯಿತು. ಅಂಥ ಉಪಾಯ ಅವರ ವಂಶದಲ್ಲೇ ಯಾರಿಗೂ ಹೊಳೆದಿರಲಿಲ್ಲ, ಹೊಳೆಯದಿದ್ದರೇ ಚೆನ್ನಾಗಿತ್ತು.

"ನೋಡಿ, ನನ್ನ ಮಾತು ಬೇಡ, ನಿಮ್ಮದೂ ಬೇಡ," ಎಂದರು. "ಭೂಮಿತಾತನ್ನ ಕೇಳೋಣ. ತಾತ ಹೂಂ ಅಂದ್ರೆ ನೀವಿಬ್ಬರೂ ಒಪ್ಕೋಬೇಕು."

ಇದಕ್ಕೆ ಯಾರೂ ಬೇಡವೆನ್ನುವಂತಿರಲಿಲ್ಲ. ನಮ್ಮ ಓಣಿಯ ಬಾಯಲ್ಲಿರುವ ಭೂಮಿತಾತ ಈ ನೆಲದ ಒಡೆಯ. ಎರಡು ಕಂಪನಿಯವರೂ ಒಟ್ಟಿಗೆ ಕೈ ಮುಗಿಯುವುದು ಅವನೊಬ್ಬನಿಗೇ. ಟ್ಯಾಕ್ಸಿಯಲ್ಲಿ ಮೇಷ್ಟ್ರು ಕಂಪ್ಯೂಟರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು, ತಮಗೆ ಹಾಕಿಕೊಳ್ಳುವುದನ್ನು ಮರೆತರು.

ಅವತ್ತು ಚಾಂದ್ರ ತಿಂಗಳ ಹದಿನಾರು, ಅಂಗಡಿಯವರೆಲ್ಲ ತಾತನಿಗೆ ಎಡೆಯಿಡುವ ದಿನ. ಗುಡಿ ಎರಡು ಫ್ರಿಜ್ಜಿನಷ್ಟು ಅಗಲ, ಅದರ ಸಮಿತಿ ಮಾತ್ರ ಒಂದು ಸಂಸತ್ತಿನಷ್ಟು. ಅಂಗಳದ ತುಂಬ ಹಣ್ಣು, ಬಿಸ್ಕತ್ತು, ಬೇಯಿಸಿದ ಕೋಳಿ, ಊದುಬತ್ತಿಯ ಹೊಗೆ. ಹೊಗೆಯ ನಡುವೆ ಸಮಿತಿಯ ಅಧ್ಯಕ್ಷ ಜ್ಯೆನ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬಾಳೆಲ್ಲ ಟ್ಯಾಕ್ಸಿ ಓಡಿಸಿದ ಮನುಷ್ಯ. ತಾತನ ಮನಸ್ಸು ತಾತನಿಗಿಂತ ಒಂದು ತಿರುವು ಮೊದಲೇ ಅವರಿಗೆ ತಿಳಿಯುತ್ತಿತ್ತು.

ಕಂಪ್ಯೂಟರನ್ನು ಎಡೆಯ ಮೇಜಿನ ಮೇಲೆ ಕೋಳಿಯ ಪಕ್ಕದಲ್ಲಿಟ್ಟರು. ಮೇಷ್ಟ್ರು ಮಂಡಿಯೂರಿ, ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳನ್ನು ಕೈಗೆ ತೆಗೆದುಕೊಂಡರು. ನೆಲಕ್ಕೆ ಬಿಟ್ಟಾಗ ಒಂದು ಬೋರಲು ಒಂದು ಅಂಗಾತ ಬಿದ್ದರೆ ತಾತ ಹೂಂ ಎಂದ ಹಾಗೆ. ಎರಡೂ ಬೋರಲಾದರೆ ಊಹೂಂ. ಎರಡೂ ಅಂಗಾತವಾದರೆ ತಾತ ನಗುತ್ತಿದ್ದಾನೆ. ದೊಡ್ಡ ವಿಷಯಕ್ಕೆ ಮೂರು ಸಲ ಬಿಡದೆ ಹೂಂ ಬರಬೇಕು.

"ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಹೇಳಿ," ಎಂದರು ಜ್ಯೆನ್. "ಮಾಳಿಗೆ ಯಾವುದು ಅಂತ ಮರೀಬೇಡಿ. ಹೋದ ಸಲ ಒಬ್ಬರು ಮರೆತು, ಅವರ ವರ ಮೇಲಿನ ಮನೆಗೆ ಹೋಯ್ತು."

ಮೇಷ್ಟ್ರು ಎಲ್ಲ ಹೇಳಿ ಕೇಳಿದರು, ತಾತಾ, ಈ ಕಂಪ್ಯೂಟರನ್ನ ನಾನು ಕೊಳ್ಳಬಹುದಾ ಎಂದು. ತುಂಡುಗಳು ಬಿದ್ದವು. ಎರಡೂ ಅಂಗಾತ. ತಾತ ನಕ್ಕಿದ್ದ. ಮತ್ತೆ ಕೇಳಿದರು, ಮತ್ತೆ ನಕ್ಕ. ಮೂರನೆಯ ಸಲವೂ ನಕ್ಕ. ಎಡೆಯಿಡಲು ಬಂದವರೆಲ್ಲ ತಮ್ಮ ಕೋಳಿಗಳನ್ನು ಬಿಟ್ಟು ಸುತ್ತ ಸೇರಿದರು. ಮುಂದಿನ ಬೀದಿಯ ಕ್ಷೌರದಂಗಡಿಯಿಂದ ಅರ್ಧ ತಲೆ ಬೋಳಿಸಿಕೊಂಡವನೊಬ್ಬ ಬಿಳಿ ಬಟ್ಟೆ ಹೊದ್ದೇ ಓಡಿಬಂದ.

"ನಗದೆ ಇನ್ನೇನು ಮಾಡ್ತಾನೆ?" ಎಂದ ಫೆಂಗ್. "ಕೊಂಡಾಯ್ತು, ಬಿಲ್ಲಾಯ್ತು, ತಂದಾಯ್ತು. ಈಗ ಬಂದು ಕೊಳ್ಳಲಾ ಅಂದ್ರೆ? ಉಂಡು ಕೈ ತೊಳೆದೋನು ಬಡಿಸ್ಲಾ ಅಂತ ಕೇಳಿದಂಗಾಯ್ತು."

"ಅದೇ ನಾನೂ ಅಂದ್ಕೊಂಡೆ," ಎಂದಳು ಚ್ಯೂ ಅಕ್ಕ. "ಮೇಷ್ಟ್ರೇ, ಹಾಗೆ ಕೇಳಬಾರದು. ತಾತನಿಗೆ ಇಷ್ಟ ಆಯ್ತಾ ಅಂತ ಕೇಳಿ. ಮರ್ಯಾದೆಯಾಗಿರುತ್ತೆ."

"ಹೌದು ಹೌದು, ಇಷ್ಟ ಆಯ್ತಾ ಅಂತ ಕೇಳಿ," ಎಂದ ಫೆಂಗ್.

ಓಣಿ ಹುಟ್ಟಿದಾಗಿನಿಂದ ಫೆಂಗ್ ಮತ್ತು ಚ್ಯೂ ಅಕ್ಕ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಮೇಷ್ಟ್ರಿಗೆ ಕಣ್ಣು ತುಂಬಿಬಂತು. ಅವರು ಆ ತುಂಡುಗಳನ್ನು ಹಣೆಗೊತ್ತಿಕೊಂಡು, ಶಾಲೆಯ ಕೊನೆಯ ಬೆಂಚಿಗೂ ಕೇಳಿಸುವಂಥ ದನಿಯಲ್ಲಿ ಕೇಳಿದರು.

"ತಾತಾ, ಈ ಕಂಪ್ಯೂಟರ್ ನಿನಗೆ ಇಷ್ಟವಾಯ್ತಾ?"

ಒಂದು ಬೋರಲು, ಒಂದು ಅಂಗಾತ. ಹೂಂ.

ಜನ ಉಸಿರು ಹಿಡಿದರು. ಎರಡನೆಯ ಸಲವೂ ಹೂಂ. ಊದುಬತ್ತಿಯ ಹೊಗೆ ಕೂಡ ಅಲ್ಲಾಡದೆ ನಿಂತಿತು. ಮೂರನೆಯ ಸಲ ಒಂದು ತುಂಡು ಬೋರಲು ಬಿತ್ತು, ಇನ್ನೊಂದು ಬುಗುರಿಯಂತೆ ಸುತ್ತಿತು, ಮೇಷ್ಟ್ರ ಎದೆಯೂ ಅದರ ಜೊತೆ ಸುತ್ತಿತು, ಎಲ್ಲರ ಕತ್ತುಗಳೂ ಸುತ್ತಿದವು, ಕೊನೆಗೆ ಅದು ಅಂಗಾತವಾಗಿ ಮಲಗಿತು. ಹೂಂ.

ಅಂಗಳದಲ್ಲಿ ಎದ್ದ ಸದ್ದಿಗೆ ಹೊಳೆಯಾಚೆಯ ತಾಯ್‌ಪೇಯವರು ಭೂಕಂಪವೆಂದು ಮೇಜಿನಡಿ ಸೇರಿಕೊಂಡರಂತೆ. ಫೆಂಗ್ ಜಾಕೆಟ್ ಬಿಚ್ಚಿ ಬೀಸಿದ. ಚ್ಯೂ ಅಕ್ಕ ಕಂಪ್ಯೂಟರಿಗೆ ಎರಡೂ ಕೈ ಮುಗಿದು, ಮೂರನೇ ಕಂಪನಿಯವರಾದರೂ ತಮ್ಮ ಎಂಜಿನಿಯರುಗಳ ಹೊಟ್ಟೆಗೆ ಚೆನ್ನಾಗಿಯೇ ಹಾಕಿರಬೇಕು ಎಂದು ಒಪ್ಪಿಕೊಂಡಳು. ಮೇಷ್ಟ್ರಿಗೆ ನಲವತ್ತು ವರ್ಷ ಇಳಿದುಹೋಗಿತ್ತು. ಸುರಂಗಗಳು ದಾಟಿದವು, ಸಮುದ್ರ ಮುಂದೆಯೇ ಇತ್ತು, ಅವರ ಬಲಗೈ ಆಗಲೇ ಇಲ್ಲದ ಹಿಡಿಕೆಯನ್ನು ಹಿಂದೆ ಮುಂದೆ ಎಳೆಯುತ್ತಿತ್ತು. ಅವರು ಕಂಪ್ಯೂಟರನ್ನು ತಬ್ಬಿ ಎತ್ತಿದರು.

ಪೆಟ್ಟಿಗೆಯ ಮೇಲೆ ಜ್ಯೆನ್‌ರ ಕೈ ಬಂದು ಕೂತಿತು.

"ಎಲ್ಲಿಗೆ, ಮೇಷ್ಟ್ರೇ?"

"ಮನೆಗೆ."

"ತಾತ ಇಷ್ಟಪಟ್ಟಿದ್ದನ್ನ ಮನೆಗಾ?"

ಜ್ಯೆನ್ ಹೇಳಿದ್ದು ಹೆದರಿಸುವ ಮಾತೇನಲ್ಲ, ತಿಳಿಹೇಳುವ ಮಾತು. ದೇವರಿಗೆ ಯಾರಾದರೂ ತಮ್ಮ ಸಾಮಾನು ತೋರಿಸಿ, ಇಷ್ಟವಾಯಿತೇ ಎಂದು ಕೇಳಿ, ದೇವರು ಮೂರು ಸಲ ಹೌದೆಂದ ಮೇಲೆ ಅದನ್ನು ಎತ್ತಿಕೊಂಡು ಹೋಗುತ್ತಾರೆಯೇ? ಮನುಷ್ಯರಿಗೂ ಯಾರೂ ಹಾಗೆ ಮಾಡುವುದಿಲ್ಲ. ಹೋದ ವರ್ಷ ಹಿಂದಿನ ಬೀದಿಯ ಔಷಧದಂಗಡಿಯ ಅಮ್ಮ ತನ್ನ ಹೊಸ ಸ್ಕೂಟರ್ ತಂದು ಹೀಗೆಯೇ ಕೇಳಿದ್ದರು. ಸ್ಕೂಟರ್ ಈಗ ತಾತನ ಬೆನ್ನ ಹಿಂದೆ ನಿಂತಿದೆ, ಅಮ್ಮ ನಡೆದುಕೊಂಡು ಓಡಾಡುತ್ತಾರೆ, ಅವರ ಮಂಡಿನೋವು ಹೋಗಿದೆ.

ಮೇಷ್ಟ್ರು ಫೆಂಗನ ಕಡೆ ನೋಡಿದರು. ಫೆಂಗ್ ನೆಲ ನೋಡಿದ. ಚ್ಯೂ ಅಕ್ಕನ ಕಡೆ ನೋಡಿದರು. ಅವಳು ಕೋಳಿ ನೋಡಿದಳು.

"ನಾನು ಕೇಳಿದ್ದರ ಅರ್ಥ..." ಎಂದು ಮೇಷ್ಟ್ರು ಶುರುಮಾಡಿದರು.

"ನೀವು ಕೇಳಿದ್ರಿ, ತಾತ ಹೇಳ್ದ. ಮೂರು ಸಲ ಹೇಳ್ದ. ಇದರಲ್ಲಿ ನಂದೇನಿದೆ?" ಎಂದು ಜ್ಯೆನ್ ಅವರ ಬೆನ್ನು ತಟ್ಟಿದರು.

ಗುಡಿಯ ಪಕ್ಕದ ತಗಡಿನ ಆಫೀಸಿನಲ್ಲಿ ದೀಪ ಹಚ್ಚಿಸುವ ಭಕ್ತರ ಹೆಸರು ಬರೆದಿಡುತ್ತಿದ್ದ ಕಂಪ್ಯೂಟರು ತಿಂಗಳಿಂದ ಕೆಮ್ಮುತ್ತಿತ್ತು. ಸಮಿತಿಯವರು ಹೊಸದನ್ನು ಅಲ್ಲಿಗೆ ಮೆರವಣಿಗೆಯಲ್ಲಿ ಒಯ್ದರು. ಹತ್ತು ಹೆಜ್ಜೆಯ ಮೆರವಣಿಗೆಗೆ ಡೋಲು ಬೇರೆ. ಮೇಷ್ಟ್ರ ಹೆಸರನ್ನು ಕೆಂಪು ಕಾಗದದ ಮೇಲೆ ಬಂಗಾರದ ಮಸಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಸುದ್ದಿ ತಿಳಿದು ಸುಯುವೆ ಬಂದಳು. ಆ ಕಾಗದ ಓದಿದಳು, ಗಂಡನ ಮುಖವನ್ನೂ ಓದಿದಳು.

"ಹೋಗಲಿ ಬಿಡಿ," ಎಂದಳು. "ಅಂತೂ ಇಬ್ಬರಿಗೂ ಬೇಜಾರಾಗಲಿಲ್ಲವಲ್ಲ."

ಇಷ್ಟಕ್ಕೇ ಮುಗಿದಿದ್ದರೆ ಮೇಷ್ಟ್ರು ಆ ಸಂಜೆ ಸುಮ್ಮನೆ ಮನೆಗೆ ಹೋಗಿ ಸೊಂಗ್‌ಷಾನ್‌ವರೆಗೆ ರೈಲು ಬಿಟ್ಟು ಮಲಗುತ್ತಿದ್ದರು. ಆದರೆ ಫೆಂಗ್ ಮತ್ತು ಚ್ಯೂ ಅಕ್ಕನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಅವರಿಬ್ಬರೂ ಜ್ಯೆನ್‌ರ ಬಳಿ ಹೋಗಿ, ಮೇಷ್ಟ್ರು ಆ ಯಂತ್ರ ಕೊಂಡದ್ದೇ ರೈಲನ್ನು ಸಮುದ್ರ ಮುಟ್ಟಿಸಲು ಎಂದು ವಿವರಿಸಿದರು. ಜ್ಯೆನ್ ಕಲ್ಲೆದೆಯವರಲ್ಲ. ಯಂತ್ರ ಈಗ ತಾತನದು, ತಾತನನ್ನೇ ಕೇಳಲಿ, ಅವನು ಬೇಡವೆನ್ನುವ ಪೈಕಿಯಲ್ಲ ಎಂದರು.

ಮೇಷ್ಟ್ರು ಮತ್ತೆ ಮಂಡಿಯೂರಿದರು. ಈ ಸಲ ಪ್ರಶ್ನೆಯಲ್ಲಿ ತಪ್ಪಾಗಬಾರದೆಂದು ಇಡೀ ಅಂಗಳ ಸೇರಿ ಅದನ್ನು ತೂಗಿ ಅಳೆದು ಸಿದ್ಧಪಡಿಸಿತು. ಇಷ್ಟದ ಮಾತು ಎತ್ತಲೇಬಾರದು ಎಂದ ಫೆಂಗ್. ಕೊಡು, ಬಿಡು ಎಂಬ ಮಾತೂ ಬೇಡ, ಬೇಡಿದ ಹಾಗಾಗುತ್ತದೆ ಎಂದಳು ಚ್ಯೂ ಅಕ್ಕ. ನಾನು, ನನ್ನದು ಎಂಬುದನ್ನೂ ತೆಗೆಯಿರಿ, ದೇವರ ಮುಂದೆ ಅಹಂಕಾರ ಕಾಣಬಾರದು ಎಂದ ಅರ್ಧ ಬೋಳುತಲೆಯವನು. ಅದು ಎಲ್ಲರಿಗೂ ಸರಿಯೆನಿಸಿತು.

"ತಾತಾ, ನಿನ್ನ ಕಂಪ್ಯೂಟರಿನಲ್ಲಿ ಹ್ವಾಲ್ಯೆನ್ ತನಕ ರೈಲು ಓಡಬಹುದಾ?"

ಹೂಂ. ಹೂಂ. ಹೂಂ. ಒಂದಕ್ಕೂ ತುಂಡು ಸುತ್ತಲಿಲ್ಲ, ಕೈಬಿಟ್ಟಲ್ಲೇ ಬಿದ್ದು ಹೂಂ ಎಂದವು.

ಮೇಷ್ಟ್ರು ಓಡಿದ ಓಟ ನೋಡಬೇಕಿತ್ತು. ಓಣಿಯ ಸ್ಕೂಟರುಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಮನೆಯಿಂದ ರೈಲಿನ ಡಿಸ್ಕು, ಹಿಡಿಕೆ, ಟೋಪಿ ತಂದರು. ಬೆವರು ಒರೆಸಿಕೊಳ್ಳದೆ ಎಲ್ಲ ಜೋಡಿಸಿದರು. ಪರದೆಯ ಮೇಲೆ ತಾಯ್‌ಪೇ ನಿಲ್ದಾಣ ಎದ್ದು ಬಂತು, ಹಳಿಯ ಕಲ್ಲು ಕಲ್ಲು ಎಣಿಸುವಷ್ಟು ಸ್ಪಷ್ಟವಾಗಿ. ಆಫೀಸಿನೊಳಗೆ ಜನ ಡಬ್ಬಿಯೊಳಗಿನ ಮೀನಿನಂತೆ ತುಂಬಿಕೊಂಡರು. ಮೇಷ್ಟ್ರು ಟೋಪಿ ಸರಿಮಾಡಿಕೊಂಡು ಕುರ್ಚಿಯ ಕಡೆ ತಿರುಗಿದರು.

ಕುರ್ಚಿಯಲ್ಲಿ ಜ್ಯೆನ್ ಕೂತಿದ್ದರು.

"ರೈಲು ಓಡಲಿ ಅಂತ ತಾತ ಹೇಳಿದಾನೆ," ಎಂದರು ಅವರು, ಹಿಡಿಕೆಯನ್ನು ಗೇರಿನಂತೆ ಅಲ್ಲಾಡಿಸಿ ನೋಡುತ್ತ. "ಗುಡಿ ಯಂತ್ರಕ್ಕೆ ಹೊರಗಿನೋರು ಕೈ ಹಾಕೋ ಹಾಗಿಲ್ಲ, ಸಮಿತಿ ನಿಯಮ. ಆ ಟೋಪಿ ಸ್ವಲ್ಪ ಕೊಡಿ. ಬ್ರೇಕ್ ಯಾವ ಕಡೆ ಅಂದ್ರಿ?"

ಮೇಷ್ಟ್ರು ಯಾವ ಕಡೆ ಎಂದು ತೋರಿಸಿದರು.

ರೈಲು ಹೊರಟಿತು. ಜ್ಯೆನ್ ಅದನ್ನು ಟ್ಯಾಕ್ಸಿಯಂತೆಯೇ ಓಡಿಸಿದರು. ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಕೈಯೆತ್ತಿದಂತೆ ಕಂಡರೆ ನಿಲ್ಲಿಸಿದರು, ಮುಂದಿನ ರೈಲನ್ನು ಬದಿಯಿಂದ ಹಿಂದೆ ಹಾಕಿ ಹೋಗಲು ನೋಡಿದರು. ಆದರೂ ಆ ಯಂತ್ರ ಯಂತ್ರವೇ. ಸೊಂಗ್‌ಷಾನ್ ಬಂತು, ಹೋಯಿತು, ಪರದೆ ಒಂದು ಚೂರೂ ತಡವರಿಸಲಿಲ್ಲ. ಬೆಟ್ಟ ಬಂತು, ಸುರಂಗ ಬಂತು, ಆಫೀಸು ಕತ್ತಲಾಯಿತು. ಸಮಿತಿಯವರು ಮುಂದಕ್ಕೆ ನುಗ್ಗಿದರು, ಅವರ ಹಿಂದೆ ಫೆಂಗ್, ಅವನ ಭುಜ ಹಿಡಿದು ಚ್ಯೂ ಅಕ್ಕ. ಮೇಷ್ಟ್ರು ಎಲ್ಲರ ಬೆನ್ನುಗಳ ಹಿಂದೆ, ಬಾಗಿಲ ಹೊಸ್ತಿಲ ಮೇಲೆ, ತುದಿಗಾಲಲ್ಲಿ ನಿಂತಿದ್ದರು.

ಒಮ್ಮೆಲೇ ಎಲ್ಲರ ಬೆನ್ನಿನಂಚಿಗೂ ನೀಲಿ ಬೆಳಕು ಹತ್ತಿತು. ಇಡೀ ಆಫೀಸು ಒಂದೇ ಉಸಿರಿನಲ್ಲಿ ಆಹಾ ಎಂದಿತು.

"ಸಮುದ್ರ ಬಂತಾ?" ಎಂದು ಮೇಷ್ಟ್ರು ಕೇಳಿದರು.

"ಸ್ವಲ್ಪ ಆಚೆ ಸರೀರಿ ಮೇಷ್ಟ್ರೇ," ಎಂದಳು ಚ್ಯೂ ಅಕ್ಕ, ತಿರುಗಿಯೂ ನೋಡದೆ. "ಬಾಗಿಲ ಬೆಳಕು ಪರದೆ ಮೇಲೆ ಬೀಳ್ತಿದೆ. ಹೊರಗಿನಿಂದ ಮುಚ್ಚಿಬಿಡಿ."